ಅಮಾವಾಸ್ಯೆಗೊಮ್ಮೆ ಚೇತರಿಸಿಕೊಳ್ಳುವ ಪುಡಿ

ಪ್ರತಿ ವರ್ಷ ಫೆಬ್ರುವರಿ ಕೊನೆಗೆ ನಮ್ಮ ಕಾಲೇಜಿನಲ್ಲಿ ವಿಜ್ಞಾನ ದಿನ. ಅವತ್ತು ‘ಪ್ರಶ್ನೆ ಕೇಳಿ, ಮೂಢನಂಬಿಕೆ ಬಿಡಿ’ ಎಂಬ ಭಾಷಣ ನನ್ನ ಪಾಲಿನದು. ಕೊಟ್ಟೂರಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಲು ಶುರುಮಾಡಿದಾಗಿನಿಂದ ಅದೇ ಭಾಷಣ, ಅವೇ ಗಾದೆಗಳು, ಅದೇ ಜಾಗದಲ್ಲಿ ನಿಲ್ಲಿಸಿ ನೀರು ಕುಡಿಯುವುದು. ಹಿಂದಿನ ಬೆಂಚಿನ ಹುಡುಗರು ನನಗಿಂತ ಒಂದು ಮಾತು ಮುಂದೆಯೇ ಇರುತ್ತಾರೆ. ಈ ವರ್ಷ ಮಾತ್ರ ಗಂಟಲು ಕೆಟ್ಟಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಗಂಟಲು ಚೆನ್ನಾಗಿಯೇ ಇತ್ತು, ಹೋಗಿದ್ದು ಮರ್ಯಾದೆ. ಅದು ಹೇಗೆ ಹೋಯಿತೆಂದು ತಿಳಿಯಬೇಕಾದರೆ ನಮ್ಮತ್ತೆ ಕೊಟ್ರಮ್ಮನವರ ಕಥೆ ಹೇಳಬೇಕು. ಅವರ ಕಥೆ ಹೇಳಹೊರಟರೆ ನನ್ನ ದಡ್ಡತನವೂ ಎತ್ತಿನ ಹಿಂದೆ ಬಂಡಿ ಬಂದ ಹಾಗೆ ಬಂದೇ ಬರುತ್ತದೆ.

ಅತ್ತೆಯ ತವರು ಹಂಪಸಾಗರ. ಹೊಳೆ ದಂಡೆಯ ಹುಡುಗಿ ಮದುವೆಯಾಗಿ, ನೀರಿಗೆ ಕೊಡ ಇಟ್ಟು ಪಾಳಿ ಕಾಯುವ ಕೊಟ್ಟೂರಿಗೆ ಬಂದರು. ಮಾವ ಗುರುಸಂಗಪ್ಪನವರದು ಹಿಟ್ಟಿನ ಗಿರಣಿ. ಹೊಸ ಸೊಸೆಗೆ ಆ ಮನೆಯಲ್ಲಿ ಒಪ್ಪಿಸಿದ ಮೊದಲ ಕೆಲಸ ಅಮಾವಾಸ್ಯೆಯ ಪೂಜೆ. ನಮ್ಮ ಕಡೆ ಲಾರಿಯಿರಲಿ, ಟ್ರ್ಯಾಕ್ಟರ್ ಇರಲಿ, ಜೆರಾಕ್ಸ್ ಮೆಷಿನ್ನೇ ಇರಲಿ, ಅಮಾವಾಸ್ಯೆ ದಿನ ಪೂಜೆ ಆಗದೆ ಮುಂದಿನ ತಿಂಗಳಿಗೆ ಕಾಲಿಡುವುದಿಲ್ಲ. ಮೆಷಿನ್ ಒರೆಸಿ, ವಿಭೂತಿ ಹಚ್ಚಿ, ಕರ್ಪೂರ ಬೆಳಗಿ, ಕೆಂಡದ ಮೇಲೆ ಲೋಬಾನ ಉದುರಿಸಿ ಆ ಹೊಗೆಯನ್ನು ಮೂಲೆಮೂಲೆಗೂ ಹಿಡಿಯಬೇಕು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ತಮ್ಮನ ಮದುವೆಗೆಂದು ಅತ್ತೆ ತವರಿಗೆ ಹೋದರು. ನಡುವೆ ಒಂದು ಅಮಾವಾಸ್ಯೆ ಬಂತು. ಗಿರಣಿಗೆ ಹೊಗೆ ಹಿಡಿಯಲು ಯಾರೂ ಇರಲಿಲ್ಲ. ಅದೇ ದಿನ ಬೆಲ್ಟ್ ಹರಿದು ಮಾವನವರ ಬಲಗೈಯ ಎರಡು ಬೆರಳನ್ನು ಕಿತ್ತುಕೊಂಡು ಹೋಯಿತು. ನಾನು ಈ ಮನೆಗೆ ಬಂದಾಗ ಮಾವ ಉಳಿದ ಬೆರಳುಗಳಲ್ಲೇ ಚಹಾದ ಲೋಟ ಹಿಡಿಯುವುದನ್ನು ನೋಡುತ್ತಿದ್ದೆ. ಅತ್ತೆ ಆ ಕಡೆ ನೋಡುತ್ತಿರಲಿಲ್ಲ. ಹೊಸ ಸೊಸೆ, ಎಂ.ಎಸ್ಸಿ. ಬೇರೆ, ಬಾಯಿ ಸುಮ್ಮನಿರಬೇಕಲ್ಲ.

“ಅತ್ತಿ, ಬೆಲ್ಟ್ ಹಳೇದಾಗಿತ್ತಂತಲ್ರಿ. ಹೊಗಿ ಹಿಡಿದ್ರೂ ಹರೀತಿತ್ತು,” ಎಂದಿದ್ದೆ.

“ಇರಬೌದು ಯವ್ವಾ,” ಎಂದರು ಅತ್ತೆ. “ಆದ್ರ ಅವತ್ತು ನಾನು ಇರಲಿಲ್ಲ.”

ಆ ಮಾತಿಗೆ ನನ್ನ ಹತ್ತಿರ ಇದ್ದದ್ದು ಭಾಷಣದ ಉತ್ತರ ಮಾತ್ರ.

ಅಲ್ಲಿಂದ ಮುಂದೆ ಅತ್ತೆ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ತವರಿಗೆ ಹೋದರೂ ಚತುರ್ದಶಿಯ ದಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಗಿರಣಿ ಮುಚ್ಚಿ, ನನ್ನ ಗಂಡ ಗುರುಬಸವರಾಜ ಮೆಕ್ಕೆಜೋಳದ ಕಾಳು ಬಿಡಿಸುವ ಮೆಷಿನ್ ತಂದರು. ಅದಕ್ಕೆ ಲೋಬಾನ. ಮನೆಗೆ ಮಿಕ್ಸರ್ ಬಂತು, ಫ್ರಿಡ್ಜ್ ಬಂತು, ಅವಕ್ಕೂ ಲೋಬಾನ. ಮೊಮ್ಮಗಳು ಆನ್‌ಲೈನ್ ಕ್ಲಾಸಿಗೆಂದು ಮೊಬೈಲ್ ತಗೊಂಡಾಗ ಅದಕ್ಕೂ ವಿಭೂತಿ ಹಚ್ಚಿದರು, ಅದರ ಕ್ಯಾಮೆರಾ ತಿಂಗಳುಗಟ್ಟಲೆ ಮಂಜು ಮುಸುಕಿದ ಚಿತ್ರ ತೆಗೆಯಿತು. ಮಾವ ತೀರಿಕೊಂಡ ತಿಂಗಳಲ್ಲೂ ಅತ್ತೆ ಮೂಲೆಯಲ್ಲಿ ಕುಳಿತೇ ಮಗನ ಕೈಯಿಂದ ಹೊಗೆ ಹಿಡಿಸಿದರು. ನಾನೋ ಲೋಬಾನದ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಾ ಕಾಲೇಜಿಗೆ ಓಡುತ್ತಿದ್ದೆ. ಹೊಗೆಯಿಂದ ಏನೂ ಆಗುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದೆ.

ನಲವತ್ತು ದಾಟಿದ ಮೇಲೆ ನನಗೆ ಪಿಎಚ್.ಡಿ. ಮಾಡುವ ಹುಕಿ ಬಂತು. ಜೊತೆಯವರು ಮಂಡಿನೋವಿಗೆ ಎಣ್ಣೆ ಹುಡುಕುವ ವಯಸ್ಸಿನಲ್ಲಿ ನಾನು ವಿಷಯ ಹುಡುಕಿದೆ. ಸಿಕ್ಕಿದ್ದು ಇದು: ಇಂಗಾಲದ ಡೈಆಕ್ಸೈಡನ್ನು ಬಿಸಿಲಿನ ಬಲದಿಂದ ಇಂಧನ ಮಾಡುವುದು. ಹೊಗೆಗೊಳವೆಯಿಂದ ಹೊರಗೆ ಹೋಗುವ ಆ ಅನಿಲಕ್ಕೆ ನೀರಿನ ಆವಿ ಸೇರಿಸಿ, ಸರಿಯಾದ ಉತ್ಪ್ರೇರಕದ ಪುಡಿಯ ಮೇಲೆ ಬಿಸಿಲಿಗಿಟ್ಟರೆ ಸ್ವಲ್ಪ ಮೆಥನಾಲ್ ಆಗುತ್ತದೆ. ಮೆಥನಾಲ್ ಉರಿಯುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಬೇಕಾದ್ದು ಪುಡಿ.

ಆ ಪುಡಿಯಲ್ಲಿ ತೂತುಗಳಿರಬೇಕು, ಕಣ್ಣಿಗೆ ಕಾಣದಷ್ಟು ಸಣ್ಣವು, ಲೆಕ್ಕವಿಲ್ಲದಷ್ಟು. ಅನಿಲ ಬಂದು ಒಳಗೆ ಕೂರಲು ಜಾಗ ಬೇಕಲ್ಲ. ನಾನು ಕಂಡುಕೊಂಡ ಉಪಾಯ ಮನೆಯದೇ. ಕಾಳು ಬಿಡಿಸಿದ ಮೇಲೆ ಉಳಿಯುವ ಮೆಕ್ಕೆಜೋಳದ ಬೆಂಡಿನ ತುಂಬ ತೂತು. ಅದನ್ನು ಟೈಟಾನಿಯಂ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕಾಲೇಜಿನ ಕುಲುಮೆಯಲ್ಲಿ ಸುಟ್ಟರೆ ಬೆಂಡು ಉರಿದುಹೋಗುತ್ತದೆ, ಅದರ ತೂತಿನ ಅಚ್ಚು ಮಾತ್ರ ಬಿಳಿ ಪುಡಿಯಾಗಿ ಉಳಿಯುತ್ತದೆ. ಅದಕ್ಕೆ ಚಿಟಿಕೆ ತಾಮ್ರ. ಒಂದು ಚಮಚ ಪುಡಿಯೊಳಗಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಒಕ್ಕಲು ಮಾಡುವ ಒಂದು ಕಣವೇ ತುಂಬುತ್ತದೆ. ಗಾಳಿಯಲ್ಲಿ ಏನು ತೇಲಿ ಬಂದರೂ ಹಿಡಿದಿಟ್ಟುಕೊಳ್ಳುವ ಪುಡಿ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಕಾಲೇಜಿನ ಮೇಲೆ ಬೇವಿನ ಮರಗಳ ನೆರಳು. ಹಾಗಾಗಿ ಪ್ರಯೋಗ ನಮ್ಮ ಮನೆಯ ಮಾಳಿಗೆ ಮೇಲೆ, ಒಂದು ಕಡೆ ಅತ್ತೆಯ ಸಂಡಿಗೆ, ಇನ್ನೊಂದು ಕಡೆ ನನ್ನ ಗಾಜಿನ ಪೆಟ್ಟಿಗೆ. ಅನಿಲ ಕೊಟ್ಟವನು ಬಸ್‌ಸ್ಟ್ಯಾಂಡ್ ಹತ್ತಿರದ ಸೋಡಾ ಅಂಗಡಿಯ ಹುಲುಗಪ್ಪ. ಸೋಡಾಕ್ಕೆ ತುಂಬುವುದೂ ಅದೇ ಅನಿಲ. ಫುಟ್‌ಬಾಲಿನ ಬ್ಲಾಡರಿಗೆ ತುಂಬಿ ಕಳಿಸುತ್ತಿದ್ದ. “ಮೇಡಮ್ಮೋರ, ನಮ್ಮ ಗ್ಯಾಸ್ ಹೊಟ್ಟಿಗೆ ಹೋದ್ರ ಡೇಗು ಬರ್ತೈತಿ. ನಿಮ್ಮ ಪೆಟ್ಟಿಗ್ಯಾಗ ಹೋದ್ರ ಪೆಟ್ರೋಲ್ ಬರ್ತೈತೇನು?” ಎಂದು ನಗುತ್ತಿದ್ದ. ಬೆಳಿಗ್ಗೆ ತೆರೆದ ತಟ್ಟೆಯಲ್ಲಿರುವ ಪುಡಿಯನ್ನು ಪೆಟ್ಟಿಗೆಯೊಳಗಿಟ್ಟು, ಅನಿಲ ತುಂಬಿ, ಮುಚ್ಚಿ, ಸಂಜೆ ಸಿರಿಂಜಿನಿಂದ ಮಾದರಿ ತೆಗೆದು ಸಣ್ಣ ಬಾಟಲಿಗೆ ತುಂಬುವುದು. ಶನಿವಾರ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ದಾವಣಗೆರೆಗೆ. ಒಂದು ದಿನದ ಬಿಸಿಲಿಗೆ ಹುಟ್ಟುವುದು ಸೂಜಿಯ ಮೊನೆಗೂ ಅಂಟದಷ್ಟು. ಅಷ್ಟನ್ನು ಕಾಣುವ ಯಂತ್ರ ಅಲ್ಲಿ ನನ್ನ ಗೈಡ್ ಉಚ್ಚಂಗೆಪ್ಪ ಸರ್ ಹತ್ತಿರ ಇತ್ತು.

ಪುಡಿ ಮನೆಗೆ ಬಂದ ಮೊದಲ ದಿನವೇ ಅತ್ತೆ ಅದನ್ನು ನೋಡಿದರು. ಸೊಸೆ ಏನನ್ನೋ ಸುಟ್ಟು ಬೆಳ್ಳಗೆ ಬೂದಿ ಮಾಡಿ, ಸೋಸಿ, ಹೊಸ ತಟ್ಟೆಯಲ್ಲಿಟ್ಟು ಯಾರೂ ಮುಟ್ಟಬೇಡಿ ಎಂದಿದ್ದಾಳೆ. ನಮ್ಮ ಮನೆತನದಲ್ಲಿ ಅಂಥದ್ದು ಒಂದೇ ವಸ್ತು, ವಿಭೂತಿ. ಅತ್ತೆ ಕೈ ತೊಳೆದುಕೊಂಡು ಬಂದು, ಮೂರು ಬೆರಳಿನಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು. ಅದು ಬಣ್ಣದ ಅಂಗಡಿಯವರು ಬಿಳಿ ಪೇಂಟಿಗೆ ಹಾಕುವ ಜಾತಿಯ ಪುಡಿ. ಸ್ನಾನ ಮಾಡಿದರೂ ಹೋಗಲಿಲ್ಲ. ಮಠಕ್ಕೆ ಹೋದಾಗ ಎಲ್ಲರೂ, “ಕೊಟ್ರವ್ವಾ, ಎಲ್ಲೀದು ಈ ಈಬತ್ತಿ, ಭಾರಿ ಬೆಳ್ಳಗೈತಲ್ಲ!” ಎಂದು ಕೇಳಿದರಂತೆ. ಅತ್ತೆ ಹೆಮ್ಮೆಯಿಂದ, “ನಮ್ಮ ಸುಕನ್ಯಾ ಮಾಡ್ಯಾಳ,” ಎಂದರಂತೆ. ನನ್ನ ಸಂಶೋಧನೆಗೆ ಸಿಕ್ಕ ಮೊದಲ ಮೆಚ್ಚುಗೆ ಅದೇ.

ಅದು ವಿಭೂತಿಯಲ್ಲ, ಮೆಷಿನ್ ಇದ್ದ ಹಾಗೆ, ಕೆಲಸ ಮಾಡುವ ಪುಡಿ ಎಂದು ತಿಳಿಸಿ ಹೇಳಿದೆ. ಎಂಥ ಮಾತು ಹೇಳಿದೆ ನೋಡಿ. ಮೆಷಿನ್ ಅಂದಮೇಲೆ ಅಮಾವಾಸ್ಯೆ ತಪ್ಪೀತೆ? ಆ ತಿಂಗಳಿನಿಂದಲೇ ಅತ್ತೆ, ನಾನು ಪುಡಿಯನ್ನು ಪೆಟ್ಟಿಗೆಗಿಡುವ ಮುಂಚೆಯೇ, ಕೆಂಡದ ಧೂಪಾರತಿ ಹಿಡಿದು ಮಾಳಿಗೆ ಹತ್ತತೊಡಗಿದರು. ನಾನು ಕಂಡೂ ಸುಮ್ಮನಾದೆ. ಹೊಗೆಯಿಂದ ಏನೂ ಆಗುವುದಿಲ್ಲ ಎನ್ನುವ ಭಾಷಣ ನನ್ನದೇ ಅಲ್ಲವೆ. ಗಾಳಿಯಲ್ಲಿ ತೇಲಿ ಬರುವುದನ್ನೆಲ್ಲ ಹಿಡಿದಿಟ್ಟುಕೊಳ್ಳಲೆಂದೇ ಮಾಡಿದ ಪುಡಿಗೆ ತಟ್ಟೆಗಟ್ಟಲೆ ಹೊಗೆ ಹಿಡಿದರೆ ಏನೂ ಆಗದು ಎಂದು ನಂಬಿದ ಏಕೈಕ ರಸಾಯನಶಾಸ್ತ್ರಜ್ಞೆ ಈ ಐದು ತಾಲೂಕಿನಲ್ಲಿ ನಾನೇ ಇರಬೇಕು. ಓದಿ ಓದಿ ಮರುಳಾದ ಕೂಚುಭಟ್ಟ ಗಂಡಸೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ.

ಫಲಿತಾಂಶ ಬರತೊಡಗಿತು. ಅದೊಂದು ವಿಚಿತ್ರ. ಕೆಲವು ದಿನ ಮೆಥನಾಲ್ ಚೆನ್ನಾಗಿ ಏರುತ್ತದೆ, ಆಮೇಲೆ ದಿನದಿನಕ್ಕೆ ಇಳಿಯುತ್ತದೆ. ಉತ್ಪ್ರೇರಕ ದಣಿಯುವುದು ಲೋಕರೂಢಿ. ಆದರೆ ನನ್ನದು ದಣಿದು, ಮತ್ತೆ ತಿಂಗಳಿಗೊಮ್ಮೆ ಎದ್ದು ಕೂರುತ್ತಿತ್ತು. ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲಿ ದಣಿದ ಪುಡಿಯನ್ನು ಎಬ್ಬಿಸಲು ಜನ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಕೊಟ್ಟೂರಿನಲ್ಲಿ ಅದು ತಾನಾಗಿಯೇ ಏಳುತ್ತದೆ! ‘ತನ್ನಷ್ಟಕ್ಕೆ ಚೇತರಿಸಿಕೊಳ್ಳುವ ಉತ್ಪ್ರೇರಕ’ ಎಂದು ಒಂದು ಅಧ್ಯಾಯವನ್ನೇ ಬರೆದೆ. ಕಾರಣ ಹೇಳಬೇಕಲ್ಲ, ಗಾಳಿಯ ತೇವ ಎಂದೆ. ಮೂಡಣ ಗಾಳಿ, ಪಡುವಣ ಗಾಳಿ ಎಂದು ಚಿತ್ರ ಬಿಡಿಸಿದೆ. ಅದನ್ನು ಈಗ ಓದಿದರೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ.

ಆ ಸಂಭ್ರಮದಲ್ಲಿ ಒಂದು ಸಂಜೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, “ಎಲ್ಲಾ ನಿಮ್ಮ ಪೂಜಿಯಿಂದಾನ ಆತು ಅತ್ತಿ,” ಎಂದುಬಿಟ್ಟೆ. ಹಿರಿಯರ ಮನಸ್ಸಿಗೆ ಹಿತವಾಗಲಿ ಎಂದು ಆಡಿದ ಮಾತು. ನನ್ನ ಇಡೀ ಸಂಶೋಧನೆಯಲ್ಲಿ ಅಕ್ಷರಶಃ ನಿಜವಾಗಿದ್ದ ವಾಕ್ಯ ಅದೊಂದೇ ಎಂದು ಆಗ ನನಗೇನು ಗೊತ್ತು.

ಅತ್ತೆಯ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ನಾನು ಏನು ಓದುತ್ತೇನೆ, ಏನು ಕಲಿಸುತ್ತೇನೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನಾನೂ ತಿಳಿಸಿರಲಿಲ್ಲ. ಈಗ ಆ ಕೆಲಸದಲ್ಲಿ ಅವರ ಕೈಯೂ ಇದೆ ಎಂದಾಯಿತು. ಓಣಿಗೆಲ್ಲ ಸಕ್ಕರೆ ಹಂಚಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಅವರಲ್ಲ, ನಾನು. ಸ್ಥಳೀಯ ಪತ್ರಿಕೆಯವರು ಬಂದು, ‘ಸೋಡಾ ಗ್ಯಾಸಿನಿಂದ ಪೆಟ್ರೋಲ್: ಕೊಟ್ಟೂರು ಉಪನ್ಯಾಸಕಿಯ ಸಾಧನೆ’ ಎಂದು ಬರೆದರು. ಪೆಟ್ರೋಲ್ ಅಲ್ಲ ಎಂದು ತಿದ್ದಬಹುದಿತ್ತು. ಫೋಟೋ ಚೆನ್ನಾಗಿ ಬಂದಿದ್ದರಿಂದ ತಿದ್ದಲಿಲ್ಲ. ಹುಲುಗಪ್ಪ ಅದನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಕಾಲೇಜಿನಲ್ಲಿ ನಾನು ಪೆಟ್ರೋಲ್ ಮೇಡಂ ಆದೆ.

ಉಚ್ಚಂಗೆಪ್ಪ ಸರ್ ಮಾತ್ರ ಸಕ್ಕರೆ ತಿನ್ನುವ ಜಾತಿಯಲ್ಲ. ಹರಪನಹಳ್ಳಿ ತಾಲೂಕಿನವರು, ಕಡ್ಡಿ ಮುರಿದ ಹಾಗೆ ಮಾತು. “ಎಲ್ಲ ಚೆನ್ನಾಗೈತಮ್ಮ. ಖಾಲಿ ಪರೀಕ್ಷೆ ಮಾಡೀಯಾ?” ಎಂದು ಕೇಳಿದರು.

ಖಾಲಿ ಪರೀಕ್ಷೆ ಎಂದರೆ ಇಂಗಾಲದ ಅನಿಲ ಹಾಕದೆ, ಬರೀ ಸಾರಜನಕ ಹಾಕಿ ಅದೇ ಪ್ರಯೋಗ ಮಾಡುವುದು. ಆಗ ಇಂಧನ ಬರಬಾರದು. ಬಂದರೆ ಅದು ಬೇರೆಲ್ಲಿಂದಲೋ ಬರುತ್ತಿದೆ ಎಂದರ್ಥ. ಮೊದಲ ದಿನವೇ ಮಾಡಬೇಕಾದ ಕೆಲಸ. ಹುಲುಗಪ್ಪನ ಅಂಗಡಿಯಲ್ಲಿ ಸಾರಜನಕ ಸಿಗುವುದಿಲ್ಲ ಎಂಬ ಘನವಾದ ಕಾರಣಕ್ಕೆ ನಾನು ಮಾಡಿರಲಿಲ್ಲ. ಸರ್ ಒಂದು ಸಣ್ಣ ಸಿಲಿಂಡರ್ ಕೊಟ್ಟರು. “ಡಿಸೆಂಬರ್ ಕೊನೆಗೆ ನಿನ್ನ ಅವಧಿ ಮುಗೀತೈತೆ. ಇನ್ನೊಂದು ಸಲ ವಿಸ್ತರಣೆ ಕೊಡಲ್ಲ. ಇದೊಂದು ಮಾಡ್ಕೊಂಡು ಬಾ, ಮುಗಿಸಾಣ,” ಎಂದರು.

ಅದು ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನ. ಮಾರನೆಯ ದಿನ ಪೆಟ್ಟಿಗೆಗೆ ಸಾರಜನಕ ತುಂಬಿ ಬಿಸಿಲಿಗಿಟ್ಟೆ. ಶನಿವಾರ ದಾವಣಗೆರೆಯಲ್ಲಿ ಯಂತ್ರದ ಪರದೆ ನೋಡುತ್ತಾ ಕುಳಿತೆ. ಸೊನ್ನೆ ಇರಬೇಕಾದಲ್ಲಿ ಗೆರೆ ಎದ್ದಿತು. ಸಣ್ಣಗಲ್ಲ, ಇಷ್ಟು ದಿನದಲ್ಲಿ ಎಂದೂ ಏಳದಷ್ಟು ಎತ್ತರಕ್ಕೆ. ಇಂಗಾಲದ ಅನಿಲವೇ ಇಲ್ಲದೆ ನಾನು ಇಂಧನ ಮಾಡಿದ್ದೆ. ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಅತ್ತೆ ನೀರು ತಂದುಕೊಟ್ಟು, ಬೆನ್ನು ಸವರಿ, “ಯಾಕವಾ, ಬರಲಿಲ್ಲೇನು?” ಎಂದರು.

“ಬಂತ್ರಿ ಅತ್ತಿ. ಬರಬಾರದಾಗಿತ್ತು.”

“ಬರದ ಏನು ಮಾಡ್ತೈತಿ? ಸಿಲಿಂಡರ್ ಹೊಸಾದು ಅಂತ ಈ ಸಲ ಎರಡು ಹಿಡಿ ಲೋಬಾನ ಹಾಕೀನಿ. ಕರ್ಪೂರಾನೂ ಜಾಸ್ತಿ. ತಟ್ಟಿ ಮ್ಯಾಲೆ ಬುಟ್ಟಿ ಮುಚ್ಚಿ ಒಳಗ ಹೊಗಿ ತುಂಬೀನಿ, ಹೊರಗ ಹೋಗಬಾರದು ಅಂತ.”

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ತಿಂಗಳಿಗೊಮ್ಮೆ ಎದ್ದು ಕೂರುವ ಪುಡಿ. ತಿಂಗಳಿಗೊಮ್ಮೆ ಬರುವ ಅಮಾವಾಸ್ಯೆ. ಕರ್ಪೂರದ ಆವಿ, ಲೋಬಾನದ ಹೊಗೆ, ಎಲ್ಲ ಹೋಗಿ ನನ್ನ ತೂತುಗಳಲ್ಲಿ ಕೂತಿದ್ದವು. ಬಿಸಿಲು ಬಿದ್ದಾಗ ಒಡೆದು ಮೆಥನಾಲ್ ಆಗಿ ಬರುತ್ತಿದ್ದವು. ಮುಗಿಯುವ ಹೊತ್ತಿಗೆ ಮುಂದಿನ ಅಮಾವಾಸ್ಯೆ. ಮೂಡಣ ಗಾಳಿಯೂ ಇಲ್ಲ, ಪಡುವಣ ಗಾಳಿಯೂ ಇಲ್ಲ. ಲೋಬಾನದಿಂದ ಇಂಧನ ತೆಗೆಯುವ ವಿಧಾನವನ್ನು ನಾನು ಕಂಡುಹಿಡಿದಿದ್ದೆ. ಅದೂ ಲೋಬಾನವನ್ನು ನೇರವಾಗಿ ಸುಟ್ಟರೆ ಬರುವ ಕಾವಿಗಿಂತ ಸಾವಿರ ಪಾಲು ಕಡಿಮೆ.

ಆ ಕ್ಷಣಕ್ಕೆ ನಗು ಬರಲಿಲ್ಲ. ಸಿಟ್ಟು ಬಂತು. “ಯಾರು ಹೇಳಿದ್ರು ನಿಮಗ ಹೊಗಿ ಹಿಡಿಯಾಕ? ನನ್ನ ಇಷ್ಟು ವರ್ಷದ ಕೆಲಸ ಹೊಗಿ ಆಗಿ ಹೋತು!” ಎಂದು ಚೀರಿದೆ. ಅವರು ಹೊಗೆ ಹಿಡಿಯಲು ಮಾಳಿಗೆ ಹತ್ತುವುದನ್ನು ಪ್ರತಿ ತಿಂಗಳು ಕಂಡೂ ಮೂಗು ಮುಚ್ಚಿಕೊಂಡು ಕಾಲೇಜಿಗೆ ಓಡುತ್ತಿದ್ದವಳು ನಾನೇ ಎಂಬುದು ಆಗ ನೆನಪಾಗಲಿಲ್ಲ.

ಅತ್ತೆ ಬಹಳ ಸಣ್ಣ ದನಿಯಲ್ಲಿ ಕೇಳಿದರು: “ನನ್ನಿಂದ ಕೆಡ್ತೇನು?”

ಮೊನ್ನೆ ‘ನಿಮ್ಮಿಂದಾನ ಆತು’ ಎಂದು ಕಾಲಿಗೆ ಬಿದ್ದವಳ ಬಾಯಿಂದಲೇ ಅವರು ಈಗ ಇದನ್ನು ಕೇಳಿಸಿಕೊಳ್ಳಬೇಕಾಗಿತ್ತು. ನನಗೆ ನಾಚಿಕೆಯಾಯಿತು. “ನಿಮ್ಮಿಂದ ಅಲ್ಲತ್ತಿ, ನನ್ನ ದಡ್ಡತನದಿಂದ,” ಎಂದೆ. ಆದರೆ ಹೊಗೆ ಹೋದ ಕಡೆಯಿಂದ ವಾಪಸ್ ಬರುವುದಿಲ್ಲ, ಮಾತೂ ಅಷ್ಟೆ. ಅವರು ಧೂಪಾರತಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ದೇವರ ಕೋಣೆಯಲ್ಲಿ ಬೋರಲು ಹಾಕಿಟ್ಟರು. ಸೋಮವಾರ ಬಂತು, ವಾರಕ್ಕೊಮ್ಮೆ ದೇವರಿಗೆ ಹಿಡಿಯುವ ಹೊಗೆಯೂ ಇಲ್ಲ. ಕೆಮ್ಮಿಲ್ಲದ ಆ ಸೋಮವಾರ ನನಗೆ ಒಂದಿಷ್ಟೂ ಸುಖ ಕೊಡಲಿಲ್ಲ.

ಸರ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಬರೀ ನಗು ಕೇಳಿಸಿತು. ನಗು ನಿಂತ ಮೇಲೆ, “ಆ ಅಧ್ಯಾಯ ಹರಿದು ಹಾಕು,” ಎಂದರು. “ಪುಡಿನ ಕುಲುಮೇಲಿ ಚೆನ್ನಾಗಿ ಸುಡು, ಹೊಗೆ ಹಿಡಿದದ್ದೆಲ್ಲ ಉರಿದೋಗ್ಲಿ. ಎರಡು ಪೆಟ್ಟಿಗೆ ಮಾಡು, ಒಂದಕ್ಕೆ ಸೋಡಾ ಗ್ಯಾಸು, ಒಂದಕ್ಕೆ ಸಾರಜನಕ. ಮುಂದಿನ ಅಮಾವಾಸ್ಯೆ ದಿನಾನೇ ಇಡು, ಹೊಗೆ ಮಾತ್ರ ಸೋಕಬಾರದು. ಅವತ್ತು ಸಾರಜನಕದ್ರಲ್ಲಿ ಸೊನ್ನೆ ಬಂದು, ಸೋಡಾದ್ರಲ್ಲಿ ಒಂಚೂರು ಬಂದ್ರೂ ನಿನ್ನ ಪಿಎಚ್.ಡಿ. ಉಳೀತೈತೆ. ಎರಡರಲ್ಲೂ ಸೊನ್ನೆ ಬಂದ್ರೆ ನಿನ್ನ ಪುಡಿ ಬರೀ ಸುಣ್ಣ.”

ಮುಂದಿನದು ಕಾರ್ತಿಕದ ಅಮಾವಾಸ್ಯೆ. ಅತ್ತೆಯ ಮುಂದೆ ಕುಳಿತು ವಿಷಯ ಹೇಳಿದೆ. ಅವತ್ತು ಗಂಡನ ಮೆಷಿನ್ನಿಗೆ ಅದರ ಶೆಡ್ಡಿನಲ್ಲೇ ಅವರೇ ಪೂಜೆ ಮಾಡಿಕೊಳ್ಳಲಿ. ಮನೆಯಲ್ಲಿ, ಮಾಳಿಗೆಯಲ್ಲಿ ಹೊಗೆ ಬೇಡ. ನನ್ನ ಪೆಟ್ಟಿಗೆಗೆ ಪೂಜೆ ಬೇಡ.

ಅತ್ತೆ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತಿದ್ದರು. ಅವರು ಯಾವ ಕೈಯನ್ನು ನೆನೆಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ವಿಜ್ಞಾನ ದಿನದ ಭಾಷಣದಲ್ಲಿ ಇಂಥ ಹೊತ್ತಿಗೆಂದು ನಾನು ಏನನ್ನೂ ಬರೆದಿರಲಿಲ್ಲ.

“ಪೂಜಿ ಬಿಡ್ತೀನಿ,” ಎಂದರು ಕೊನೆಗೆ. “ಆದ್ರ ನಾನು ಅಲ್ಲೇ ಇರ್ತೀನಿ.”

ಅವತ್ತು ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಹಣೆಗೆ ಅಸಲಿ ವಿಭೂತಿ ಹಚ್ಚಿ, ಛತ್ರಿ, ನೀರಿನ ಚೊಂಬು, ಒಂದು ಬಾರುಕೋಲು ಹಿಡಿದು ಮಾಳಿಗೆ ಹತ್ತಿದರು. ಎರಡು ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಕುಳಿತರು. ಆಮೇಲೆ ನಡೆದದ್ದನ್ನು ಓಣಿಯವರು ಈಗಲೂ ಹೇಳುತ್ತಾರೆ. ಪಕ್ಕದ ಮನೆಯ ಪಂಪಮ್ಮ ಕಾರ್ತಿಕದ ದೀಪದ ಜೊತೆ ಊದಿನಕಡ್ಡಿ ಹಚ್ಚಿದಳು. “ಏ ಪಂಪವ್ವಾ, ಅದನ್ನ ಒಳಗ ಒಯ್ಯಿ! ನಮ್ಮ ಪುಡಿ ಕುಡಿದುಬಿಡ್ತೈತಿ!” ಎಂದು ಅತ್ತೆ ಮೇಲಿಂದಲೇ ಕೂಗಿದರು. ಕೆಳಗೆ ಬೀಡಿ ಸೇದುತ್ತಾ ಹೋಗುತ್ತಿದ್ದವನಿಗೆ ಬಾರುಕೋಲು ತೋರಿಸಿದರು. ನನಗೆ ಒಗ್ಗರಣೆ ಹಾಕಲು ಬಿಡಲಿಲ್ಲ. ಎಲ್ಲರೂ ಮೊದಲೇ ಮಾಡಿಟ್ಟಿದ್ದ ಕಟಿರೊಟ್ಟಿ, ಮೊಸರು, ಚಟ್ನಿಪುಡಿ ತಿಂದೆವು. ಮಧ್ಯಾಹ್ನ ನನ್ನ ಗಂಡ ಶೆಡ್ಡಿನಲ್ಲಿ ಪೂಜೆ ಮುಗಿಸಿ, ಮೈಯೆಲ್ಲ ಲೋಬಾನದ ವಾಸನೆ ಹೊತ್ತು, ಪ್ರಸಾದದ ಕಾಯಿ ಹಿಡಿದು ಮೆಟ್ಟಿಲು ಹತ್ತಿದರು.

“ಅಲ್ಲೇ ನಿಲ್ಲೋ ಗುರುಬಸ್ಯಾ! ಸ್ನಾನ ಮಾಡಿ ಬಾ!”

“ಪೂಜಿ ಮಾಡಿ ಬಂದವಗ ಸ್ನಾನ ಮಾಡು ಅಂತೀಯಲ್ಲಬೇ!”

“ಹೂಂ, ಇವತ್ತು ಹಂಗ.”

ಜೀವಮಾನವೆಲ್ಲ ಹೊಗೆ ಹಿಡಿದ ಹೆಂಗಸು ಅವತ್ತು ಹೊಗೆ ಬಾರದಂತೆ ಕಾಯ್ದಳು. ನಡುನಡುವೆ ಪೆಟ್ಟಿಗೆಯ ಗಾಜನ್ನು, ನಾನು ಅದರ ಹತ್ತಿರ ಚಾಚುವ ಕೈಯನ್ನು ಅವರು ನೋಡುತ್ತಿದ್ದ ರೀತಿ ಮಾತ್ರ ನಗುವಂಥದ್ದಲ್ಲ. ಅವರಿಗೆ ಹೆದರಿಕೆಯಾಗಿತ್ತು. ನಾನು ಮುಚ್ಚಳ ಮುಟ್ಟಿದಾಗೆಲ್ಲ ಅವರ ತುಟಿ ಅಲುಗುತ್ತಿತ್ತು. ಹೆದರಿಕೆಯಲ್ಲೇ ಅವರು ಸಂಜೆಯವರೆಗೂ ಕುಳಿತರು, ನನ್ನ ಡಿಗ್ರಿಗಾಗಿ. ಮಾದರಿ ತೆಗೆದು ಬಾಟಲಿ ಮುಚ್ಚುವಾಗ ನನ್ನ ಕಣ್ಣು ಮಂಜಾಗಿ ಒಂದು ಬಾಟಲಿ ಕೈಜಾರಿತು. ಪುಣ್ಯಕ್ಕೆ ಅದರಲ್ಲಿ ಇನ್ನೂ ಏನೂ ತುಂಬಿರಲಿಲ್ಲ.

ಮರುದಿನ ದಾವಣಗೆರೆ. ಸಾರಜನಕದ ಮಾದರಿ ಹಾಕಿದೆವು. ಗೆರೆ ಮಲಗಿಯೇ ಇತ್ತು. ಸೋಡಾ ಅನಿಲದ್ದು ಹಾಕಿದೆವು. ಸರ್ ಮುಂದೆ ಬಾಗಿದರು. ಒಂದು ಉಬ್ಬು. ಇರುವೆ ಗೂಡಿನಷ್ಟು. ಇನ್ನೊಮ್ಮೆ ಹಾಕಿದೆವು, ಅಷ್ಟೇ ಬಂತು. ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನುತ್ತಾರಲ್ಲ, ನನ್ನ ಇಲಿ ಭೂತಗನ್ನಡಿಯಲ್ಲಿ ನೋಡಬೇಕಾದಷ್ಟು ಸಣ್ಣದು. ಆದರೆ ಇಲಿ ನಿಜವಾದದ್ದು. “ಇದನ್ನ ಬರಿ,” ಎಂದರು ಸರ್. “ಎಷ್ಟಿದೆಯೋ ಅಷ್ಟೇ ಬರಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆಗೆ ಹೇಗೆ ಹೇಳಲಿ ಎಂದು ಲೆಕ್ಕ ಹಾಕಿದೆ. ಈ ವೇಗದಲ್ಲಿ ಒಂದು ಹಣತೆಯಷ್ಟು ಇಂಧನ ಮಾಡಲು ನಮ್ಮ ಮಾಳಿಗೆಗೆ ಎಷ್ಟೋ ತಲೆಮಾರು ಬೇಕು ಎಂದು ಹೇಳಲೆ? ಹುಲುಗಪ್ಪನ ಅಂಗಡಿ ಮುಂದೆ ಇಳಿದಾಗ ನನ್ನ ಫೋಟೋ ಇನ್ನೂ ತೂಗುತ್ತಿತ್ತು. ತೆಗೆ ಎಂದರೆ, “ಇರಲಿ ಬಿಡ್ರಿ ಮೇಡಮ್ಮೋರ, ಸೋಡಾ ಭಾಳ ಖರ್ಚಾಗಾಕತ್ತೈತಿ,” ಎಂದ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೆಳಿಗ್ಗೆ ನನ್ನನ್ನು ಕಳಿಸುವಾಗ ಉಟ್ಟಿದ್ದ ಸೀರೆಯಲ್ಲೇ. ಏನಾಯಿತೆಂದು ಕೇಳುತ್ತಾರೆಂದು ಬಾಯಿ ತೆರೆದೆ. ಅವರು ಕೇಳಲಿಲ್ಲ. ನನ್ನ ಚೀಲ ತೆಗೆದು ಕಟ್ಟೆಯ ಮೇಲಿಟ್ಟು, “ಕೈ ತೋರ್ಸು,” ಎಂದರು.

ಎರಡೂ ಕೈ ಚಾಚಿದೆ. ಅತ್ತೆ ಅವನ್ನು ಬೆಳಕಿಗೆ ಹಿಡಿದು, ತಿರುವಿ, ಒಂದೊಂದೇ ಬೆರಳನ್ನು ತುದಿಯಿಂದ ಬುಡದವರೆಗೂ ಸವರಿ ನೋಡಿದರು. ಕಿರುಬೆರಳು ಮುಗಿಯುವವರೆಗೂ ಅವರು ಉಸಿರು ಬಿಡಲಿಲ್ಲ.

“ಎಲ್ಲಾ ಅದಾವ,” ಎಂದರು. “ಈಗ ಹೇಳು, ಏನಾತು?”

“ಬಂದೈತ್ರಿ ಅತ್ತಿ. ಭಾಳ ಅಂದ್ರ ಭಾಳ ಸಣ್ಣದು.”

“ಲೋಬಾನದ್ದಲ್ಲಲ್ಲ?”

“ಅಲ್ರಿ. ಗ್ಯಾಸಿಂದ.”

ಅತ್ತೆ ತಲೆಯಾಡಿಸಿ ಒಳಗೆ ಹೋದರು. ದೇವರ ಕೋಣೆಯಲ್ಲಿ ಬೋರಲು ಮಲಗಿದ್ದ ಧೂಪಾರತಿ ನೆಟ್ಟಗಾದ ಸದ್ದು ಕೇಳಿಸಿತು. ಒಲೆಯ ಕೆಂಡ ಹಾಕಿ, ಲೋಬಾನ ಉದುರಿಸಿ, ಹೊಗೆಯನ್ನು ಸೆರಗಿನಿಂದ ನೂಕುತ್ತಾ ನೇರವಾಗಿ ನನ್ನ ಕಡೆ ಬಂದರು. ನಾನು ಅಭ್ಯಾಸಬಲದಿಂದ ಮೂಗು ಮುಚ್ಚಿಕೊಂಡು ಎದ್ದೆ.

“ಕುಂದ್ರು,” ಎಂದರು ಅತ್ತೆ. “ಪುಡಿಗೆ ಹಿಡಿಬ್ಯಾಡ ಅಂದಿ, ಬಿಟ್ಟೆ. ನಿನಗ ಹಿಡಿಬ್ಯಾಡ ಅಂದಿಲ್ಲಲ್ಲ.”

ಮೂಗಿನಿಂದ ಕೈ ತೆಗೆದು ಕುಳಿತುಕೊಂಡೆ.